ಚೆನ್ನಾಗಿದ್ದ ಹಲ್ಲು

ಹಲ್ಲಿನೊಳಗಿನ ನರವನ್ನು ಕಾಪಾಡುವ ಹೊಸ ಔಷಧ ದೇಹಕ್ಕೆ ಒಗ್ಗುತ್ತದೋ ಇಲ್ಲವೋ ನೋಡುವುದು ಜಯನಗರದ ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಕೆಲಸ. ಸೊಟ್ಟಗೆ ಬೆಳೆದು ಹೇಗಿದ್ದರೂ ತೆಗೆಸಬೇಕಾದ ಹಲ್ಲಿಗೆ ಅದನ್ನು ತುಂಬಿ, ಎರಡು ತಿಂಗಳಾದ ಮೇಲೆ ಕಿತ್ತು, ಸೀಳಿ ನೋಡುತ್ತೇವೆ. ಒಪ್ಪಿ ಸಹಿ ಹಾಕಿದ್ದ ಹುಳಿಮಾವಿನ ಅಂಕಲ್ ಒಬ್ಬರು ಕೀಳುವ ದಿನ ಕೇಳಿದರು:

"ನೋವೇ ಇಲ್ಲ ಮೇಡಂ. ಚೆನ್ನಾಗಿರೋದನ್ನ ಯಾಕೆ ಕೀಳ್ತೀರ?"

"ಒಳಗೂ ಚೆನ್ನಾಗಿದ್ಯಾ ಅಂತ ನೋಡ್ಬೇಕಲ್ಲ ಅಂಕಲ್."

"ನಮ್ಮ ರಾಗಿ ಹೊಲಾನೂ ಚೆನ್ನಾಗೇ ಇತ್ತು. ಸೈಟ್ ಮಾಡಿ ಮಾರಿದ್ವಿ," ಎಂದು ನಕ್ಕು ಬಾಯಿ ತೆರೆದರು.

ಕಿತ್ತ ಮೇಲೆ ಹೇಳಿದೆ, "ಸ್ವಲ್ಪ ದಿನ ನಾಲಿಗೆ ಆ ಖಾಲಿ ಜಾಗಕ್ಕೇ ಹೋಗುತ್ತೆ. ಆಮೇಲೆ ಮರೆತುಬಿಡುತ್ತೆ."

ಹತ್ತಿ ಕಚ್ಚಿಕೊಂಡೇ ಅವರು, "ನಾನು ಇವತ್ತಿಗೂ ವಾಕಿಂಗ್ ಹೋಗೋದು ಆ ಹೊಲದ ಕಡೆಗೇ," ಅಂದರು.

ನಮ್ಮ ಫಾರಂ ಕೇಳುವುದು ಹಲ್ಲುನೋವಿನ ಬಗ್ಗೆ ಮಾತ್ರ. ಇಲ್ಲ ಎಂದು ಬರೆದುಕೊಂಡೆ.