ಕಡಲೆಕಾಯಿ ಮೇಡಂ

ಅವರದು ಮೆಳ್ಳೆಗಣ್ಣು. ಎಡಗಣ್ಣು ನಮ್ಮ ಮುಖ ನೋಡುತ್ತಿದ್ದರೆ, ಬಲಗಣ್ಣು ಕಿಟಕಿಯಾಚೆ ಯಾರಿಗೋ ಕಾಯುತ್ತಿರುವಂತೆ ತುಸು ಹೊರಕ್ಕೆ ವಾಲಿರುತ್ತಿತ್ತು. ಮೊದಲ ಸಲ ಎದುರು ಕೂತವರಿಗೆ ಯಾವ ಕಣ್ಣಿಗೆ ಉತ್ತರ ಕೊಡಬೇಕೆಂದೇ ತಿಳಿಯುತ್ತಿರಲಿಲ್ಲ. ನಮ್ಮ ಮುಜುಗರವನ್ನು ಅವರೇ ಮೊದಲು ಮುಗಿಸಿಬಿಡುತ್ತಿದ್ದರು: "ಒಂದು ಕಣ್ಣು ನಿಮ್ಮ ಮೇಲೆ, ಇನ್ನೊಂದು ಕೊರಟಗೆರೆ ಬಸ್ಸಿನ ಮೇಲೆ. ಯಾವುದು ತಪ್ಪಿದ್ರೂ ನನಗೆ ಕಷ್ಟ."

ಮಧುಗಿರಿಯಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಆಪ್ತಸಮಾಲೋಚಕಿಯಾಗಿದ್ದರು. ಮನಸ್ಸಿಗೆ ಭಾರವಾದ ಹುಡುಗಿಯರು ಹೋಗಿ ಮಾತಾಡಲೆಂದು ಕಾಲೇಜಿನವರು 'ವಿದ್ಯಾರ್ಥಿ ಕ್ಷೇಮ ಕೇಂದ್ರ' ಎಂದು ಬೋರ್ಡು ಹಾಕಿ, ಆಟದ ಸಾಮಾನು ತುಂಬುತ್ತಿದ್ದ ಕೋಣೆಯೊಂದನ್ನು ತೆರವು ಮಾಡಿಕೊಟ್ಟಿದ್ದರು. ಕಾಲೇಜನ್ನು ಪರಿಶೀಲಿಸಲು ಮೇಲಿನಿಂದ ತಂಡ ಬರುವುದಿತ್ತು, ಅದಕ್ಕೇ ಆ ಕೇಂದ್ರ. ಅವರು ಮಾತ್ರ ಅದನ್ನು ನಿಜವೆಂದೇ ನಂಬಿಕೊಂಡು ದಿನವೂ ಬಸ್ಸು ಹಿಡಿದು ಬಂದರು.

ಮೊದಲ ತಿಂಗಳು ಒಂದು ಹುಡುಗಿಯೂ ಒಳಗೆ ಕಾಲಿಡಲಿಲ್ಲವಂತೆ. ಆ ಬೋರ್ಡಿನ ಹತ್ತಿರ ಸುಳಿದವಳನ್ನೂ "ಮೆಂಟಲ್ ರೂಮಿಗೆ ಹೋದಳು" ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಬಟ್ಟೆಚೀಲದಲ್ಲಿ ಒಣಗಿದ ಕಡಲೆಕಾಯಿ ತಂದು, ಮೊರಕ್ಕೆ ಸುರಿದುಕೊಂಡು ಬಾಗಿಲಲ್ಲೇ ಕೂತರು. ಹಾದುಹೋಗುವ ಹುಡುಗಿಯರನ್ನು "ಬನ್ರೇ, ಒಂದು ಕೈ ಹಾಕಿ" ಎಂದು ಕರೆದರು. ಯಾವಳಾದರೂ ಕೆಣಕಿದರೆ ಹುಡುಗಿಯರ ಬಳಿ ಈಗ ಉತ್ತರವಿತ್ತು: "ಕಡಲೆಕಾಯಿ ಬಿಡಿಸೋಕೆ ಹೋಗಿದ್ದೆ ಕಣೇ." ಹಾಗೆ ಅವರು ಕಡಲೆಕಾಯಿ ಮೇಡಂ ಆದರು.

ಬಿಡಿಸಿದ ಕಾಳನ್ನು ಕಾಲೇಜಿನ ಆಯಾ ಹುರಿದು ಕೊಡುತ್ತಿದ್ದಳು. ಬೆಳಿಗ್ಗೆ ಏನೂ ತಿನ್ನದೆ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಮಕ್ಕಳಿಗೆ ಬೆಲ್ಲದ ಚೂರಿನೊಂದಿಗೆ ಒಂದೊಂದು ಹಿಡಿ. ಈ ಮಾತನ್ನು ನಾನು ಸುಮ್ಮನೆ ಬರೆಯುತ್ತಿಲ್ಲ. ಕಾಳು ಎಲ್ಲಿಗೆ ಹೋಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದುದು ನಮ್ಮ ಹುಡುಗಿಯಿಂದ. ಅವಳು ನನ್ನ ಗಂಡನ ಅಣ್ಣನ, ಅಂದರೆ ಭಾವನವರ, ಮಗಳು. ಭಾವನವರ ಊರು ಪಾವಗಡದ ಕಡೆ. ಓದಿಗೆಂದು ನಮ್ಮ ಮನೆಯಲ್ಲಿದ್ದಳು. ನನಗೆ ಮಕ್ಕಳಿಲ್ಲ. ಮೂರು ವರ್ಷ ಅವಳ ಜಡೆ ಹೆಣೆದವಳು ನಾನು, ಅವಳ ಡಬ್ಬಿಗೆ ಏನು ಹಾಕಿದರೆ ಖಾಲಿಯಾಗಿ ಬರುತ್ತದೆಂದು ಬಲ್ಲವಳು ನಾನು. ಎರಡನೇ ವರ್ಷದ ಡಿಗ್ರಿಗೆ ಬಂದಾಗ ಡಬ್ಬಿ ಹೋದ ಹಾಗೇ ವಾಪಸು ಬರತೊಡಗಿತು. ಹೆಣೆದ ಜಡೆಯನ್ನು ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚುತ್ತಿದ್ದಳು. ಒಂದು ಪರೀಕ್ಷೆಯಿಂದ ಅರ್ಧಕ್ಕೇ ಎದ್ದು ಬಂದಳು. ಅವಳು ಹುಟ್ಟಿದಾಗಲೇ ಅವಳ ಅಮ್ಮನ ತಮ್ಮನಿಗೆ ಎಂದು ಮಾತಾಗಿತ್ತು. ಆತನಿಗೆ ಆಗಲೇ ಮೂವತ್ತನಾಲ್ಕು. ಆ ವರ್ಷ ಮದುವೆಯ ದಿನ ನೋಡತೊಡಗಿದ್ದರು. ಎರಡನ್ನೂ ಜೋಡಿಸಿ ನೋಡಲು ನನಗೆ ಬಾರದೆ ಇರಲಿಲ್ಲ. ನೋಡದೆ ಇರುವುದು ಸುಲಭವಾಗಿತ್ತು.

ಒಂದು ದಿನ ಒಗೆಯಲು ಹಾಕಿದ ಅವಳ ಚೂಡಿದಾರದ ಜೇಬಿನಲ್ಲಿ ಹುರಿದ ಕಡಲೆಬೀಜ ಸಿಕ್ಕಿತು. "ಕಡಲೆಕಾಯಿ ಮೇಡಂ ಕೊಟ್ರು. ನಿಂಗೂ ಅಂತ ಇಟ್ಕೊಂಡಿದ್ದೆ, ಮರೆತೋಯ್ತು ಚಿಕ್ಕಮ್ಮ" ಎಂದು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ಡಬ್ಬಿ ಖಾಲಿಯಾಗಿ ಬರತೊಡಗಿತು. ಬಚ್ಚಲಲ್ಲಿ ಹಾಡು ಗುನುಗುವುದು ಕೇಳಿಸಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಅಡಿಯಲ್ಲೇ ಮುಳ್ಳೊಂದು ಚುಚ್ಚುತ್ತಿತ್ತು: ನನಗೆ ಹೇಳದ್ದನ್ನು ಇವಳು ಯಾರಿಗೋ ಹೇಳುತ್ತಿದ್ದಾಳೆ.

ಒಳ್ಳೆಯ ಸೀರೆ ಉಟ್ಟು ಕಾಲೇಜಿಗೆ ಹೋಗಿ, ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದೆ. ಮೇಡಂ ಮೊರದ ಮುಂದೆ ಒಬ್ಬರೇ ಕೂತಿದ್ದರು. ಉಗುರು ಮೋಟಾಗಿ ಕತ್ತರಿಸಿದ ಬೆರಳುಗಳು, ತುದಿಯಲ್ಲಿ ಸಿಪ್ಪೆಯ ಕೆಂಪು ಧೂಳು.

"ನಮ್ಮ ಹುಡುಗಿ ನಿಮ್ಮ ಹತ್ರ ಏನು ಹೇಳ್ತಾಳೆ?" ಎಂದೆ.

"ಅದನ್ನ ಅವಳೇ ಹೇಳ್ಬೇಕಮ್ಮ. ನೀವು ಅವಳನ್ನ ಕೇಳಿದ್ರಾ?"

"ನಾನು ಅವಳನ್ನ ಸಾಕಿರೋಳು."

"ಸಾಕಿದೋರಿಗೆ ಹೇಳೋದೇ ಕಷ್ಟ ಕಣಮ್ಮ. ನೋವಾಗುತ್ತೆ ಅಂತ ಯೋಚನೆ ಮಾಡ್ತಾರೆ ಮಕ್ಕಳು. ನನಗೆ ನೋವಾದ್ರೆ ಅವರಿಗೇನು?" ಎಂದು ನಕ್ಕು ಮೊರವನ್ನು ನನ್ನ ಕಡೆಗೆ ಸರಿಸಿದರು. "ಒಂದು ಕೈ ಹಾಕಿ. ಕೈಗೆ ಕೆಲಸ ಇದ್ರೆ ಬಾಯಿಗೆ ಭಯ ಇರಲ್ಲ."

ಸೌಜನ್ಯಕ್ಕೆಂದು ನಾಲ್ಕು ಕಾಯಿ ತೆಗೆದುಕೊಂಡೆ. ಆಮೇಲೆ ಇನ್ನೂ ನಾಲ್ಕು. ಕಾಯಿ ಒಡೆಯುವ ಸದ್ದಷ್ಟೇ ಕೋಣೆಯಲ್ಲಿ. ಬಹಳ ಹೊತ್ತಿನ ಮೇಲೆ, "ನೀವು ಹೆಂಗಿದೀರಾ?" ಎಂದರು. ಬೀದಿಯಲ್ಲಿ ಎದುರಾದವರು ಕೇಳುವಂತೆ ಕೇಳಲಿಲ್ಲ, ಉತ್ತರಕ್ಕೆ ಕಾಯುವವರಂತೆ ಕೇಳಿದರು. ನನ್ನ ಕೈ ನಿಂತಿತು. ಕಣ್ಣು ತುಂಬಿತೆಂದು ಮುಖವನ್ನು ಕಿಟಕಿಯತ್ತ ತಿರುಗಿಸಿದೆ. ತುಮಕೂರಿನ ಕಾನ್ವೆಂಟಿನಲ್ಲಿ ನಾನೂ ಓದಿನಲ್ಲಿ ಮುಂದಿದ್ದೆ, ನನಗೂ ಯಾರೋ ಮದುವೆಯ ದಿನ ಗೊತ್ತುಮಾಡಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಚೆನ್ನಾಗಿದೀನಿ" ಎಂದು ಎದ್ದುಬಂದೆ. ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು ಬಂತು. ನನ್ನನ್ನು ಅಳಿಸಲು ಹೊರಟಿದ್ದಕ್ಕೆ ಅವರನ್ನು ಕ್ಷಮಿಸಲು ನನಗಾಗಲಿಲ್ಲ.

ತಿಂಗಳೊಳಗೆ ನಮ್ಮ ಹುಡುಗಿ ಅಪ್ಪನಿಗೆ ಫೋನಿನಲ್ಲಿ ಹೇಳಿದಳು: "ಮಾವನ್ನ ಮದುವೆ ಆಗಲ್ಲ. ಪರೀಕ್ಷೆ ಮುಗಿಸ್ತೀನಿ." ದನಿ ನಡುಗಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಭಾವನವರು ಮನೆಯ ನಡುವೆ ಕೂತು ಕೂಗಾಡಿದರು. "ಆ ಮೆಳ್ಳೆಗಣ್ಣಿನೋಳು ತಲೆ ಕೆಡ್ಸವ್ಳೆ! ಇವ್ಳಿಗೆ ಏನ್ ಗೊತ್ತಿತ್ತು? ಬಾಯಿ ಸತ್ತ ಮಗು ಇದು. ಅವ್ಳನ್ನ ಕಾಲೇಜಿಂದ ಓಡಿಸ್ಬೇಕು. ನೀನು ಕಾನ್ವೆಂಟ್‌ನಾಗೆ ಓದ್ದೋಳು, ಇಂಗ್ಲೀಷ್‌ನಾಗೆ ಒಂದು ಕಾಗ್ದ ಬರಿಯಮ್ಮ. ಪ್ರಿನ್ಸಿಪಾಲ್ರು ನಡುಗ್ಬೇಕು!"

ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಬರೆದ್ಕೊಡು, ಅಣ್ಣ ಅಷ್ಟು ದೂರದಿಂದ ಬಂದಿದಾನೆ" ಎಂದರು.

"ಏನಂತ ಬರೀಲಿ ಭಾವ?"

ಅವರು ಅಲ್ಲಿ ತಡವರಿಸಿದರು. "ಮದ್ವೆ ಬ್ಯಾಡ ಅನ್ನುಸ್ತಾಳೆ ಅಂತ ಬರೆಯಕ್ಕಾಯ್ತದಾ? ಊರ್ನಾಗೆ ಮಾನ ಹೋಯ್ತದೆ. ಬ್ಯಾರೆ ಏನಾರ ಹಾಕ್ಬೇಕು."

ಆ ಮನೆಯಲ್ಲಿ ಬೇರೆ ಏನೆಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ. ಮೆಲ್ಲನೆಯ ದನಿಯಲ್ಲಿ, ಯಾರೋ ಕೇಳಿದ್ದಕ್ಕೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತೋರಿಸುವಂತೆ, ನಾನೇ ಹೇಳಿದೆ: "ಹುಡುಗಿಯರ ಕೈಲಿ ಕಡಲೆಕಾಯಿ ಬಿಡಿಸಿಕೊಳ್ತಾರೆ."

"ಅದೇ ಮಾತು!" ಎಂದು ಭಾವನವರು ತೊಡೆ ತಟ್ಟಿದರು. "ಸಾಕು, ಅಷ್ಟು ಸಾಕು!"

ಅರ್ಧ ಪುಟ ಬರೆದೆ. ವಿದ್ಯಾರ್ಥಿನಿಯರಿಂದ ತಮ್ಮ ಸ್ವಂತ ಮನೆಗೆಲಸ ಮಾಡಿಸಿಕೊಳ್ಳುತ್ತಾರೆ, ಪಾಠದ ಹೊತ್ತು ಹಾಳು ಮಾಡುತ್ತಾರೆ ಎಂದು. ಒಂದು ಚಿತ್ತಿಲ್ಲ, ಒಂದು ತಪ್ಪಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕೈ ಹಿಡಿದು ತಿದ್ದಿಸಿದ ಅಕ್ಷರಗಳು ಮುತ್ತಿನಂತೆ ಬಂದವು. ಭಾವನವರೂ ನನ್ನ ಗಂಡನೂ ಸಹಿ ಹಾಕಿದರು. ಬೀದಿಯ ಇನ್ನೂ ಮೂವರು ತಂದೆಯರು ಇಂಗ್ಲಿಷಿನಲ್ಲಿದೆಯೆಂಬ ಗೌರವಕ್ಕೆ ಓದದೆಯೇ ಹಾಕಿದರು. ನನ್ನ ಸಹಿ ಬೇಕಾಗಲಿಲ್ಲ.

ಕಾಫಿ ತಟ್ಟೆ ಹಿಡಿದು ಬಂದ ಹುಡುಗಿ ನನ್ನ ಭುಜದ ಮೇಲಿಂದ ಕಾಗದವನ್ನು ಓದಿಕೊಂಡಳು. "ಇದು ಸುಳ್ಳು ಅಂತ ನಿಮಗೆ ಗೊತ್ತು ಚಿಕ್ಕಮ್ಮ" ಎಂದಳು. ಅಲ್ಲಿಯವರೆಗೆ ನನ್ನನ್ನು 'ನೀನು' ಎನ್ನುತ್ತಿದ್ದವಳು.

ಮುಂದಿನದನ್ನು ಹೇಳಿದವಳು ಆಯಾ. ಅವಳ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಕರಿಬೇವು ಕೇಳಲು ಬಂದವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದೇ ಸಮನೆ ಹೇಳಿದಳು: "ಪ್ರಿನ್ಸಿಪಾಲ್ರು ಕೇಳುದ್ರು ಕಣಮ್ಮ, ಇವ್ರು ಯಾಕೆ ನಿಮ್ ಮೇಲೆ ಇಂಗೆ ಬರ್ದವ್ರೆ, ಒಳ್ಗೆ ಬ್ಯಾರೆ ಏನಾರ ಅದಾ ಅಂತ. ಆವಮ್ಮ, 'ಕಡ್ಲೆಕಾಯಿ ಬಿಡಿಸಿದ್ದು ದಿಟ ಸಾರ್' ಅಂದ್ರು, ಅಷ್ಟೆ. ಇನ್ನ ಬಾಯಿ ಬುಡ್ಲಿಲ್ಲ. ಯಾವ್ ಹುಡ್ಗಿ ಏನ್ ಹೇಳವ್ಳೆ ಅಂತ ಒಂದ್ ಮಾತು ಆಡಿದ್ರೆ ಸಾಕಿತ್ತು, ಉಳ್ಕತಿದ್ರು. ಕಾಳು ಹುರಿತಿದ್ದೋಳು ನಾನು, ನನ್ನ ಕರ್ದು ಕೇಳ್ಬೋದಿತ್ತಲ್ಲ? ಪರಿಶೀಲನೆಯೋರು ಬಂದ್ ಹೋಗಾಗಿತ್ತು, ಕಾಲೇಜ್ನೋರಿಗೂ ಆವಮ್ಮ ಹೋದ್ರೆ ಸಾಕಾಗಿತ್ತು. ಸೋಮ್ವಾರದಿಂದ ಬರ್ಬ್ಯಾಡಿ ಅಂದ್ಬುಟ್ರು." ಆಮೇಲೆ ಕಣ್ಣೊರೆಸಿಕೊಂಡು, "ಯಾರೋ ಇಂಗ್ಲೀಸ್ ಚೆಂದಾಗಿ ಬಲ್ಲೋರು ಬರ್ದವ್ರಂತೆ. ಅವ್ರ ಕೈ ಸೇದೋಗ!" ಎಂದಳು.

ನಾನು ಅವಳಿಗೆ ಒಂದು ಲೋಟ ಕಾಫಿ ಕೊಟ್ಟೆ. ಸಕ್ಕರೆ ಸಾಕೇ ಎಂದು ಕೇಳಿದೆ.

ಎರಡು ತಿಂಗಳಲ್ಲಿ ಪಾವಗಡದ ಛತ್ರವೊಂದರಲ್ಲಿ ಮದುವೆ ನಡೆಯಿತು. ಜಡೆಗೆ ಹೂವು ಮುಡಿಸಿದ್ದು ನಾನೇ. ಹುಡುಗಿ ಗೋಡೆಯಂತೆ ಕೂತಿದ್ದಳು. ಪರೀಕ್ಷೆ ಬರೆಯಲಿಲ್ಲ. ಕಾಲೇಜಿನ ಆ ಕೋಣೆಯಲ್ಲಿ ಈಗ ಮುರಿದ ಬೆಂಚುಗಳಿವೆಯಂತೆ. ಬೋರ್ಡನ್ನು ಮಾತ್ರ ತೆಗೆದಿಲ್ಲ. ಪರಿಶೀಲನೆಗೆ ಬರುವವರು ನೋಡುವುದು ಬೋರ್ಡನ್ನೇ ತಾನೆ.

ಅದಾದ ಎರಡು ವರ್ಷಕ್ಕೆ ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ನಾನು ತಾಲೂಕು ಕಚೇರಿಯ ಕೆಲಸಕ್ಕೆ ಹೋಗಿದ್ದೆ. ಅವರು ತೋವಿನಕೆರೆಯ ಬಸ್ಸಿಗೆ ಕಾಯುತ್ತಿದ್ದರು. ಅಲ್ಲಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದರು, ಆಪ್ತಸಮಾಲೋಚಕಿ ಬೇಕೆಂದವರು ಸುತ್ತಮುತ್ತ ಯಾರೂ ಇರಲಿಲ್ಲವಂತೆ. ಅವರೇ ನನ್ನನ್ನು ಗುರುತಿಸಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಹುಡುಗಿ ಹೆಂಗಿದಾಳೆ?"

"ಚೆನ್ನಾಗಿದಾಳೆ. ಗಂಡು ಮಗು ಆಯ್ತು."

"ಪರೀಕ್ಷೆ?"

"ಬರೀಲಿಲ್ಲ."

ಅವರು ತಲೆಯಾಡಿಸಿದರು. ನಾನು ಹೇಳಿಬಿಟ್ಟೆ: "ಆ ಕಾಗದ ಬರೆದೋಳು ನಾನು ಮೇಡಂ."

"ಗೊತ್ತು. ನೀವು ಬಂದು ಹೋದ ದಿನ ರಿಜಿಸ್ಟರಿನಲ್ಲಿ ಹೆಸರು ಬರೆದಿದ್ರಿ. ಅಕ್ಷರ ನೋಡಿದ್ದೆ."

"ಕ್ಷಮಿಸಿ."

ಇಂಥವರು ಒಂದು ಒಳ್ಳೆಯ ಮಾತು ಹೇಳಿ ಹಗುರ ಮಾಡುತ್ತಾರೆಂದು ನಾನು ಎಣಿಸಿದ್ದೆ. ಅವರ ನೇರವಾದ ಕಣ್ಣು ನನ್ನ ಮೇಲಿತ್ತು. "ನನಗೆ ಸಿಟ್ಟಿತ್ತು ಕಣಮ್ಮ. ಈಗ್ಲೂ ಇದೆ. ಕೆಲಸ ಹೋಗಿದ್ದಕ್ಕಲ್ಲ. ಇನ್ನೊಂದು ಮೂರು ತಿಂಗಳು ಸಿಕ್ಕಿದ್ರೆ ಅವಳು ನಿಂತ್ಕೊಳ್ತಿದ್ಳು. ಕ್ಷಮೆ ನನ್ನನ್ನ ಕೇಳಿ ಏನು ಪ್ರಯೋಜನ? ಅವಳನ್ನ ಕೇಳಿ." ಬಸ್ಸು ಬಂತು. ಹತ್ತುವಾಗ ಹಿಂತಿರುಗಿ, "ಕೇಳ್ತೀರಲ್ಲ?" ಎಂದರು. ಹೂಂ ಎಂದೆ.

ಕೇಳಲಿಲ್ಲ. ಯುಗಾದಿಗೆ ಬಂದಳು, ಗೌರಿಹಬ್ಬಕ್ಕೆ ಬಂದಳು. ಬಾಗಿನ ಕೊಟ್ಟೆ, ಸೀರೆ ಕೊಟ್ಟೆ, ಮಗುವಿಗೆ ಬೆಳ್ಳಿಯ ಉಡಿದಾರ ಕೊಟ್ಟೆ. ಆ ಒಂದು ಮಾತನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ಅವಳು "ಬರ್ತೀನಿ ಚಿಕ್ಕಮ್ಮ, ನೀವು ಆರೋಗ್ಯ ನೋಡ್ಕೊಳ್ಳಿ" ಎಂದು ನೆಂಟರಂತೆ ಹೇಳಿ ಹೋಗುತ್ತಿದ್ದಳು.

ಮೇಡಂ ತೀರಿಕೊಂಡ ಸುದ್ದಿ ತಂದವಳೂ ಆಯಾ. ಡೆಂಗಿ ಜ್ವರ. ತುಮಕೂರಿನ ಆಸ್ಪತ್ರೆಗೆ ಸೇರಿಸಿದ ಐದನೇ ದಿನ ಹೋಗಿಬಿಟ್ಟರಂತೆ. ಐವತ್ತೂ ಆಗಿರಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ನಾಲ್ಕು ದಿನ ಫೋನನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಐದನೆಯ ದಿನ ಹುಡುಗಿಗೆ ಹೇಳಿದೆ. ಆ ಕಡೆ ಅವಳ ಮಗು ಏನೋ ಬಡಿಯುತ್ತಿರುವುದು ಕೇಳುತ್ತಿತ್ತು. ಕೊನೆಗೂ ನಾನು ಕೇಳಿದೆ: "ನನ್ನ ಮೇಲೆ ಸಿಟ್ಟಿದೆಯಾ ಕಂದ? ನನ್ನನ್ನ ಕ್ಷಮಿಸ್ತೀಯಾ?"

"ಈಗ ಕೇಳ್ತಿದೀರಾ?" ಎಂದಳು. ದನಿಯಲ್ಲಿ ಜೋರಿರಲಿಲ್ಲ. "ಅವರು ಇದ್ದಾಗ ಕೇಳಿದ್ರೆ, ಏನು ಹೇಳ್ಬೇಕು ಅಂತ ಅವರ ಹತ್ರ ಹೋಗಿ ಕೂತ್ಕೊಂಡು ಯೋಚನೆನಾದ್ರೂ ಮಾಡ್ತಿದ್ದೆ. ಈಗ ಯಾರ ಹತ್ರ ಹೋಗ್ಲಿ ಚಿಕ್ಕಮ್ಮ?"

ನನ್ನ ಹತ್ತಿರ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ.