ಆಗ್ನೆಸಳ ಮುಖ

ಆಗೆಲ್ಲ ಇಂಗ್ಲಿಷರ ನಾಡಿನಲ್ಲಿ, ನಮ್ಮ ಕಿಂಗ್ಸ್‌ಬರಿಯ ಬಾಡಿಗೆ ಮನೆಯಲ್ಲಿ ಮಹಡಿಯ ಮೇಲೆ ನಾವು, ಕೆಳಗಿನ ಕೋಣೆಯಲ್ಲಿ ಲಿಲ್ಲಿ ಬಾಯಿ. ಅಡುಗೆಮನೆ ಮಾತ್ರ ಇಬ್ಬರಿಗೂ ಒಂದೇ. ಬೆಳಿಗ್ಗೆ ಅಮ್ಮನ ದೋಸೆಯ ವಾಸನೆ, ಸಂಜೆ ಬಾಯಿಯ ಬಂಗುಡೆ ಸಾರಿನ ವಾಸನೆ. ಎರಡೂ ನನ್ನ ಶಾಲೆಯ ಕೋಟಿಗೆ ಹತ್ತಿಕೊಂಡು, ಪಕ್ಕ ಕೂರುವ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ತೊಂಬತ್ತರ ದಶಕ. ನನಗೆ ಒಂಬತ್ತು ವರ್ಷ.

ಬಾಯಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಸ್ಟ್ಯಾನ್ಮೋರಿನಲ್ಲಿ ಒಬ್ಬ ಫ್ರೆಂಚ್ ಮುದುಕಿಯನ್ನು ಕೊನೆಯವರೆಗೆ ನೋಡಿಕೊಂಡಿದ್ದರು. ಸಾಯುವ ಮುಂಚೆ ಆಕೆ ತನ್ನ ಅಜ್ಜಿಯ ಮನೆಯ ಎಣ್ಣೆಬಣ್ಣದ ಚಿತ್ರವೊಂದನ್ನು ಕೈಯಾರೆ ಕೊಟ್ಟಿದ್ದಳಂತೆ. ಕುರಿಮರಿಯನ್ನು ಎದೆಗವಚಿಕೊಂಡ ಸಂತ ಆಗ್ನೆಸ್. ಬಣ್ಣದ ಮೇಲೆಲ್ಲ ಕೂದಲೆಳೆಯಂಥ ಬಿರುಕು, ಹತ್ತಿರ ಹೋದರೆ ಹಳೇ ಕಪಾಟಿನ ವಾಸನೆ.

"ನನ್ನ ಆಗ್ನೆಸ್ ಕೂಡ ಹೀಗೇ ಇದ್ದದ್ದು ಅಕ್ಕಾ," ಎಂದು ಬಾಯಿ ಅಮ್ಮನಿಗೆ ಹೇಳುತ್ತಿದ್ದರು. ಅವರ ಮಗಳು ಏಳು ವರ್ಷಕ್ಕೇ ಜ್ವರದಲ್ಲಿ ತೀರಿಹೋಗಿದ್ದಳು. "ಒಂದು ಫೋಟೊ ಸಹ ತೆಗೆಸ್ಲಿಲ್ಲ ನಾವು. ಮುಖ ಮರೆತೇ ಹೋಗ್ತಾ ಇತ್ತು. ಇದನ್ನು ನೋಡಿದ ಮೇಲೆ ವಾಪಸ್ ಬಂತು."

ಆ ವರ್ಷ ರಸ್ತೆಬದಿಯ ಮರಗಳಿಂದ ಕಾಂಕರ್ ಕಾಯಿ ಉದುರಿ, ನಾವು ಮಕ್ಕಳು ಅವಕ್ಕೆ ದಾರ ಪೋಣಿಸಿ ಕುಟ್ಟಿಕೊಂಡು ಆಡುತ್ತಿದ್ದ ದಿನಗಳಲ್ಲಿ, ಬಾಯಿ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಹೋಗುವಾಗ ಕೋಣೆಯ ಕೀಲಿ ಅಮ್ಮನ ಕೈಗಿಟ್ಟು, "ದಿನಾ ಒಂದು ಮೊಂಬತ್ತಿ ಹಚ್ಚಿ ಅಕ್ಕಾ," ಎಂದರು.

"ಅದ್ಕೆಂತ, ಹಚ್ತೆ. ನೀವ್ ಸಮಾ ಆಯ್ಕಂಡ್ ಬನ್ನಿ," ಎಂದಳು ಕುಂದಾಪುರದ ನನ್ನಮ್ಮ.

ಮೊಂಬತ್ತಿಗೇ ನಿಲ್ಲಿಸಿದ್ದರೆ! ಶುಕ್ರವಾರ ಬಂತು. ನಮ್ಮ ಪಟಗಳಿಗೆ ಕುಂಕುಮವಿಟ್ಟವಳು, ಎಣ್ಣೆಯಲ್ಲಿ ಕಲಸಿದ ಅದೇ ಕುಂಕುಮವನ್ನು ಸಂತಳ ಹಣೆಗೂ ಇಟ್ಟಳು. "ಹೆಣ್ಣ್ ದೇವ್ರ್ ಅಲ್ದಾ, ಬೋಳು ಹಣಿ ಕಾಂಬುಕಾತಿಲ್ಲೆ," ಎಂದಳು. ನಮ್ಮ ದೇವರಿಗೆಲ್ಲ ಮುಂದೆ ಗಾಜಿತ್ತು. ಈ ಚಿತ್ರಕ್ಕೆ ಇರಲಿಲ್ಲ. ಅಮ್ಮನಿಗೆ ಅದು ಹೊಳೆಯಲೇ ಇಲ್ಲ.

ಎರಡನೇ ಶುಕ್ರವಾರ ಕಳೆಯುವಷ್ಟರಲ್ಲಿ ಕುಂಕುಮದ ಕೆಂಪೆಲ್ಲ ಬಿರುಕುಗಳಲ್ಲಿ ಇಳಿದು ಕೆನ್ನೆಯವರೆಗೂ ಬಂದಿತ್ತು. ಮರುದಿನ ಮಧ್ಯಾಹ್ನ ಬಾಯಿ ಬರುವವರು. ಅಮ್ಮ ಅಂಗಡಿಗೆ ಹೋಗಿದ್ದಳು. ದೊಡ್ಡ ಜಾಣೆ ನಾನು! ಅಮ್ಮ ಹಿತ್ತಾಳೆಯ ದೀಪ ತಿಕ್ಕಿ ಬೆಳಗುವುದನ್ನು ನೋಡಿದ್ದೆನಲ್ಲ, ಹುಣಸೆಹಣ್ಣು ನೆನೆಸಿ, ಪಾತ್ರೆ ತೊಳೆಯುವ ಸೋಪು ಬೆರೆಸಿ ಬಟ್ಟೆಯಿಂದ ಉಜ್ಜಿದೆ. ಕುಂಕುಮ ಹೋಯಿತು. ಖುಷಿಯಾಗಿ ಇನ್ನೂ ಉಜ್ಜಿದೆ. ನೋಡಿದರೆ ಬಟ್ಟೆಯಲ್ಲಿ ಕೆನ್ನೆಯ ಗುಲಾಬಿ ಬಣ್ಣ, ಚಿತ್ರದಲ್ಲಿ ಮುಖವಿದ್ದ ಕಡೆ ಕಂದು ಕ್ಯಾನ್ವಾಸು. ಕುರಿಮರಿಗೆ ಏನೂ ಆಗಿರಲಿಲ್ಲ.

"ಅಯ್ಯೋ ಹೆಣೆ, ಎಂತ ಮಾಡ್ದೆ!" ಅಮ್ಮ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು. ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಕುಂಕುಮ ಇಟ್ಟದ್ದ್ ನಾನ್. ಒರ್ಸದ್ದೂ ನಾನೇ. ನೀ ಬಾಯಿ ಬಿಡುಕಾಗ," ಎಂದಳು.

ಬಾಯಿ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಅಮ್ಮ ಅಳುತ್ತ ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಳು. ಬಾಯಿ ಚಿತ್ರದ ಮುಂದೆ ನಿಂತೇ ಇದ್ದರು. "ಬೇಕಂತ ಮಾಡಿದ್ದಲ್ವಲ್ಲ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ವಾರವಿಡೀ ಅಡುಗೆಮನೆಯಲ್ಲಿ ಮೀನಿನ ವಾಸನೆ ಬರಲಿಲ್ಲ.

ಆಮೇಲೊಂದು ಸಂಜೆ ನನ್ನನ್ನು ಕರೆದರು. "ನೀನು ದಿನಾ ನೋಡ್ತಿದ್ದಿ ಅಲ್ವಾ ಮಗಾ? ಮುಖ ಹೇಗಿತ್ತು, ಹೇಳು. ನಂಗೆ ಪುನಃ ಮರೀತಾ ಉಂಟು."

ಹೇಳಿದೆ. ಕಣ್ಣು ಕೆಳಗೆ ನೋಡುತ್ತಿತ್ತು, ತುಟಿ ತುಸು ತೆರೆದಿತ್ತು. ಅಲ್ಲಿಂದ ದಿನಾ ಶಾಲೆ ಬಿಟ್ಟ ಮೇಲೆ ಅದೇ ಕೆಲಸ. ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಬಾಯಿಗಾಗಿ ಕನ್ನಡದ ಮಾತು ಹುಡುಕಿದೆ. ನೆನಪಿದ್ದದ್ದು ನಾಲ್ಕೇ ದಿನಕ್ಕೆ ಮುಗಿಯಿತು. ಬಾಯಿ ಕಾಯುತ್ತಿದ್ದರು. ಕಟ್ಟಿ ಹೇಳತೊಡಗಿದೆ.

"ಎಡಗೆನ್ನೆಯಲ್ಲಿ ಗುಳಿ ಇತ್ತು," ಎಂದೆ ಒಂದು ದಿನ.

"ಹೌದು ಹೌದು!" ಬಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಆಗ್ನೆಸಿಗೂ ಇತ್ತು. ನೋಡು, ನಾನು ಅದನ್ನೇ ಮರೆತಿದ್ದೆ."

ಒರೆಸಿದ್ದು ನಾನೇ ಎಂದು ಹೇಳಹೊರಟವಳು, "ಬಲಗಡೆ ಇರಲಿಲ್ಲ," ಎಂದೆ.

ಮರುವರ್ಷ ನಾವು ಬೇರೆ ಮನೆಗೆ ಹೋದೆವು. ಆಮೇಲೆ ಬಾಯಿ ತೀರಿಕೊಂಡರು. ನನ್ನ ತಪ್ಪನ್ನು ತನ್ನದೆಂದೇ ಇಟ್ಟುಕೊಂಡು ಅಮ್ಮನೂ ಹೋದಳು. ಆ ಚಿತ್ರ ಯಾರ ಕೈ ಸೇರಿತೋ, ಕಸಕ್ಕೆ ಹೋಯಿತೋ. ಮುಖ ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ನೆನೆಸಿಕೊಂಡರೆ ಕುರಿಮರಿ ಮಾತ್ರ ಕಾಣುತ್ತದೆ, ಮುಖ ಬರುವುದಿಲ್ಲ. ಗುಳಿ ಮಾತ್ರ ಖಂಡಿತ ಇರಲಿಲ್ಲ, ಅದು ನಾನು ಹೇಳಿದ ಸುಳ್ಳು. ಅದನ್ನೇ ತನ್ನ ಮಗಳದೆಂದು ನಂಬಿಕೊಂಡು ಆ ತಾಯಿ ಹೋದರು.