ಕೆಳಮನೆಯ ಟಿವಿಗೆ ಹೋದ ಲಗ್ನಪತ್ರಿಕೆ

ಇಂದು ಸಂಜೆ ಜಗಳೂರಿನವರ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ವರನ ಹೆಸರಿನ ಒತ್ತಕ್ಷರ ಕಾಣಲಿಲ್ಲ. ಅಕ್ಷರವನ್ನು ಇನ್ನಷ್ಟು ಹಿಗ್ಗಿಸಿದೆ, ಆಗಲೂ ಮಸುಕೇ. ಹೆದರಿದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಚನ್ನಗಿರಿಯಲ್ಲಿ ನನ್ನದು ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯೊಡತಿ ಗಂಗಕ್ಕ. ಪ್ರೆಸ್ಸಿಗೆ ಲಗ್ನಪತ್ರಿಕೆ ಜೋಡಿಸಿಕೊಡುವುದೇ ನನ್ನ ಅನ್ನ. ಅದರಲ್ಲಿ ಮುಹೂರ್ತ ತಪ್ಪಿದರೂ ಕ್ಷಮೆಯುಂಟು, ಸೋದರಮಾವನ ಹೆಸರು ತಪ್ಪಿದರೆ ಇಲ್ಲ. ಹೋದ ವರ್ಷ ಲ್ಯಾಪ್‌ಟಾಪಿನ ಅಕ್ಷರಗಳು ಇರುವೆಗಳಂತೆ ಕಲೆಸಿಕೊಳ್ಳತೊಡಗಿದವು. ಡಾಕ್ಟರು ಏನು ಹೇಳಿಬಿಡುತ್ತಾರೋ ಎಂಬ ಭಯ. ಕಣ್ಣು ಹೋದರೆ ಕೆಲಸವೂ ಹೋದಂತೆ. ಹಾಗಾಗಿ ಜಾಣತನ ಮಾಡಿದೆ. ವೈಫೈ ಮೂಲಕ ಲ್ಯಾಪ್‌ಟಾಪಿನ ಪರದೆಯನ್ನು ಟಿವಿಗೆ ಕಳಿಸಿ, ಹೆಸರುಗಳನ್ನು ಹಿಗ್ಗಿಸಿಕೊಂಡು ಓದತೊಡಗಿದೆ.

ವೈಫೈ ಎರಡೂ ಮನೆಗೆ ಒಂದೇ. ಟಿವಿಗಳೂ ಒಂದೇ ಕಂಪನಿಯವು, ಪಟ್ಟಿಯಲ್ಲಿ ಒಂದೇ ಹೆಸರಿನವು. ಒಂದು ಸಂಜೆ ನಾನು ಆರಿಸಿದ್ದು ಕೆಳಗಿನದನ್ನು.

"ಬಾರೇ ತಂಗಿ ಕೆಳಗೆ! ನನ್ನ ಸೀರಿಯಲ್ ನುಂಗ್ಕೊಂಡು ಯಾರ್ದೋ ಮದ್ವಿ ಬಂದೈತೆ ಟಿವ್ಯಾಗೆ!"

ಓಡಿದೆ. ನ್ಯಾಮತಿಯ ವಧುವೊಬ್ಬಳ ಹೆಸರೇ ಇಡೀ ಪರದೆ ತುಂಬಿ ಕೂತಿತ್ತು.

"ಟಿವಿ ಏನೋ ಕೇಳ್ತು, ಓಕೆ ಒತ್ತಿದೆ," ಎಂದರು ಗಂಗಕ್ಕ. "ಅಲ್ಲಾ, ಯಾಕಿಷ್ಟು ದೊಡ್ಡ ಅಕ್ಷರ?"

"ದೊಡ್ಡ ಮನೆತನದ ಮದ್ವಿ ಅಕ್ಕ."

ಅವರು ನಗಲಿಲ್ಲ. "ನಮ್ಮ ಯಜಮಾನ್ರೂ ಹಿಂಗೇ. ಬೆಳಕು ಸಾಲ್ದು ಅಂತ ಲೈಟ್ ಮೇಲೆ ಲೈಟ್ ಹಾಕ್ಸಿದ್ರು. ಕಣ್ಣು ತೋರ್ಸಾಕೆ ಹೋಗೋದ್ರಾಗೆ ಹೊತ್ತು ಮೀರಿತ್ತು. ನಾಳೆ ದಾವಣಗೆರೆಗೆ ಹೋಗಾಣ, ನಾನೂ ಬರ್ತೀನಿ."

ಬಸ್ಸು ತ್ಯಾವಣಿಗೆ ದಾಟುವವರೆಗೂ ಇಳಿದುಬಿಡಲು ನೆಪ ಹುಡುಕುತ್ತಿದ್ದೆ. ಗಂಗಕ್ಕ ನನ್ನನ್ನು ಕಿಟಕಿ ಪಕ್ಕ ಕೂರಿಸಿ ದಾರಿಗಡ್ಡ ಕೂತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ ಎಂದರು ಡಾಕ್ಟರು. ಲೇಸರ್ ಮಾಡಿದರು. ಹೋದ ನೋಟವೆಲ್ಲ ಬಾರದು, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಮತ್ತೆ ಮಸುಕಾದರೆ ತಡಮಾಡದೆ ಬನ್ನಿ ಎಂದರು.

ಈ ಸಂಜೆ ಮತ್ತೆ ಮಸುಕಾಗಿದೆ. ಕೆಳಗಿಳಿದು ಹೇಳೋಣವೆಂದರೆ ನಾಲಿಗೆ ಏಳುತ್ತಿಲ್ಲ. ಟಿವಿಗಳ ಪಟ್ಟಿ ತೆರೆದೆ. ಅಂದಿನ ಫಜೀತಿಯ ನಂತರ ಕೆಳಗಿನದಕ್ಕೆ 'ಗಂಗಕ್ಕ' ಎಂದು ಹೆಸರಿಟ್ಟಿದ್ದೇನೆ, ಇನ್ನು ತಪ್ಪುವಂತಿಲ್ಲ. ವರನ ಹೆಸರಿನ ಆ ಒಂದೇ ಅಕ್ಷರವನ್ನು ಪರದೆ ತುಂಬ ಹಿಗ್ಗಿಸಿ, ತಿಳಿದೂ ತಿಳಿದೂ ಅಲ್ಲಿಗೇ ಕಳಿಸಿದೆ.

ಕೆಳಗೆ ಸೀರಿಯಲ್ಲಿನ ಸದ್ದು ನಿಂತಿತು. ಗಂಗಕ್ಕ ಮೆಟ್ಟಿಲ ಬುಡಕ್ಕೆ ಬಂದರು.

"ನಾಳೆ ಮೊದಲ್ನೇ ಬಸ್ಸಿಗೇ ಹೋಗಾಣ ತಂಗಿ."